ತೆಳು ಲ್ಯಾಪ್‌ಟಾಪಿಗೆ ನಂಬಿಕಸ್ಥ ಲ್ಯಾನ್ ಅಡಾಪ್ಟರ್: ಆಯ್ಕೆಯಿಂದ ಪರೀಕ್ಷೆಯವರೆಗೆ

ಲ್ಯಾನ್ ಕೇಬಲ್ ಕೂರುವ ಆರ್‌ಜೆ45 ಸಾಕೆಟ್ಟಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಎತ್ತರದ ಜಾಗ ಬೇಕು. ಇಂದಿನ ತೆಳು ಲ್ಯಾಪ್‌ಟಾಪುಗಳ ಅಂಚಿನಲ್ಲಿ ಅಷ್ಟು ದಪ್ಪವೇ ಇರುವುದಿಲ್ಲ. 2008ರಲ್ಲಿ ಆಪಲ್ ಕಂಪನಿ ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಲ್ಯಾನ್ ಸಾಕೆಟ್ ಇಲ್ಲದೆ ಹೊರತಂದು, ಬೇಕಾದವರು ಯುಎಸ್‌ಬಿ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಲಿ ಎಂದಾಗ ಅದು ಹಲವರಿಗೆ ವಿಚಿತ್ರವಾಗಿ ಕಂಡಿತ್ತು. ಈಗ ಬಹುಪಾಲು ತೆಳು ಯಂತ್ರಗಳ ಸ್ಥಿತಿ ಅದೇ ಆಗಿದೆ. ಹೀಗಾಗಿ ಆನ್‌ಲೈನ್ ಸಂದರ್ಶನ, ದಿನವಿಡೀ ನಡೆಯುವ ಕಚೇರಿ ಮೀಟಿಂಗು, ದೊಡ್ಡ ಫೈಲುಗಳ ಬ್ಯಾಕಪ್ ಮುಂತಾದ ಕೆಲಸಗಳಿಗೆ ವೈಫೈಯನ್ನು ನೆಚ್ಚಿಕೊಳ್ಳಲು ಇಷ್ಟವಿಲ್ಲದವರಿಗೆ ಅಂಗಡಿಯವರು ‘ಯುಎಸ್‌ಬಿ ಟು ಲ್ಯಾನ್’ ಎಂದು ಕರೆಯುವ ಸಣ್ಣ ಡಾಂಗಲ್ಲೇ ಗತಿ.

ನಾನು ಮೊದಲು ಕೊಂಡ ಡಾಂಗಲ್ ಮುನ್ನೂರು ಚಿಲ್ಲರೆ ರೂಪಾಯಿಯದು. ಡಬ್ಬಿಯ ಮೇಲೆ ‘ಯುಎಸ್‌ಬಿ 3.0’ ಎಂದೂ ‘ಗಿಗಾಬಿಟ್’ ಎಂದೂ ದಪ್ಪಕ್ಷರದಲ್ಲಿ ಮುದ್ರಿಸಿತ್ತು. ಅದು ಅರ್ಧ ಗಂಟೆಗೊಮ್ಮೆ ಎರಡು ಮೂರು ಸೆಕೆಂಡು ಕಣ್ಮರೆಯಾಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು; ಬ್ರೌಸರಿನಲ್ಲಿ ಗೊತ್ತೇ ಆಗದ ಈ ಕೊರತೆ ವಿಡಿಯೊ ಕರೆಯಲ್ಲಿ ಪ್ರತಿ ಸಲವೂ ಮಾನ ಕಳೆಯುತ್ತಿತ್ತು. ದೋಷ ಇಂಟರ್ನೆಟ್ಟಿನದೆಂದು ತಿಳಿದು ಕೇಬಲ್‌ನವರನ್ನು ಎರಡು ಸಲ ಕರೆಸಿದೆ, ಅವರು ಪಾಪ ತಂತಿಯನ್ನೂ ಬದಲಿಸಿದರು. ಕೊನೆಗೆ ತಪ್ಪು ಡಾಂಗಲ್ಲಿನ ಒಳಗಿನ ಚಿಪ್ಪಿನದೆಂದು ತಿಳಿಯುವ ಹೊತ್ತಿಗೆ ವಾಪಸು ಕೊಡುವ ಅವಧಿ ಮುಗಿದಿತ್ತು. ಆ ಅನುಭವದ ನಂತರ ನಾನು ಅನುಸರಿಸುತ್ತ ಬಂದಿರುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಇಲ್ಲಿ ಹೇಳುತ್ತಿರುವುದು ತಂತಿಯ ಅಡಾಪ್ಟರಿನ ಬಗ್ಗೆ ಮಾತ್ರ. ಯುಎಸ್‌ಬಿ ವೈಫೈ ಡಾಂಗಲ್ಲುಗಳದು ಬೇರೆಯೇ ಲೆಕ್ಕ.

ಹಂತ 1: ಲ್ಯಾಪ್‌ಟಾಪಿನ ಪೋರ್ಟನ್ನು ಓದಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ನಿಮ್ಮ ಯಂತ್ರದಲ್ಲಿ ಯಾವ ಪೋರ್ಟುಗಳಿವೆ, ಅವುಗಳ ವೇಗವೆಷ್ಟು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಯುಎಸ್‌ಬಿ ಹೆಸರುಗಳ ಗೊಂದಲ ಇಲ್ಲಿ ಮೊದಲ ತೊಡಕು. 2008ರಲ್ಲಿ ಯುಎಸ್‌ಬಿ 3.0 ಎಂದು ಬಂದದ್ದು ಮುಂದೆ 3.1 ಜೆನ್ 1 ಆಯಿತು, ಆಮೇಲೆ 3.2 ಜೆನ್ 1 ಆಯಿತು. ಮೂರೂ ಒಂದೇ, ಮೂರರ ವೇಗವೂ ಸೆಕೆಂಡಿಗೆ 5 ಗಿಗಾಬಿಟ್. ಆದ್ದರಿಂದ ಡಬ್ಬಿಯ ಮೇಲೆ ‘3.2’ ಎಂದು ಕಂಡ ಮಾತ್ರಕ್ಕೆ ಅದು ‘3.0’ಗಿಂತ ವೇಗದ್ದೆಂದು ಹೆಚ್ಚು ಹಣ ಕೊಡಬೇಕಿಲ್ಲ. ಗಿಗಾಬಿಟ್ ಲ್ಯಾನಿಗೆ, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ಟಿನದಕ್ಕೆ, ಈ 5 ಗಿಗಾಬಿಟ್ ಧಾರಾಳವಾಗಿ ಸಾಕು.

ಹಳೆಯ ಯುಎಸ್‌ಬಿ 2.0 ಪೋರ್ಟಿನ ಕಾಗದದ ಮೇಲಿನ ವೇಗ 480 ಮೆಗಾಬಿಟ್. ಕೈಗೆ ದಕ್ಕುವುದು ಸುಮಾರು 300. ಅಂದರೆ ಎಷ್ಟೇ ಒಳ್ಳೆಯ ಗಿಗಾಬಿಟ್ ಅಡಾಪ್ಟರನ್ನು ತಂದರೂ ಅದನ್ನು 2.0 ಪೋರ್ಟಿಗೆ ಸಿಕ್ಕಿಸಿದರೆ ಮೂರರಲ್ಲಿ ಎರಡು ಪಾಲು ವೇಗ ಅಲ್ಲೇ ಸೋರಿಹೋಗುತ್ತದೆ. ತೆಳು ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ಅಗ್ಗದವುಗಳಲ್ಲಿ, ಒಂದು ಬದಿಯ ಪೋರ್ಟು ವೇಗದ್ದು, ಇನ್ನೊಂದು ಬದಿಯದು 2.0 ಆಗಿರುವುದು ಬಹಳ ಸಾಮಾನ್ಯ. ಆಯತಾಕಾರದ ಹಳೆಯ ಎ-ಮಾದರಿಯ ಪೋರ್ಟಾದರೆ ಟಾರ್ಚ್ ಬಿಟ್ಟು ಒಳಗೆ ನೋಡಿ: ಮುಂದೆ ನಾಲ್ಕು ಲೋಹದ ಪಟ್ಟಿಗಳಿದ್ದು ಒಳಗಡೆ ಇನ್ನೂ ಐದು ಸಣ್ಣ ಸಂಪರ್ಕಗಳಿದ್ದರೆ ಅದು 3.0. ನೀಲಿ ಬಣ್ಣ ಒಂದು ಸುಳಿವು ಮಾತ್ರ. ಕೆಲವು ತಯಾರಕರು 3.0 ಪೋರ್ಟಿಗೂ ಕಪ್ಪು ಪ್ಲಾಸ್ಟಿಕ್ ಹಾಕುತ್ತಾರೆ, ಡಾಂಗಲ್ ಮಾಡುವವರಲ್ಲಿ ಕೆಲವರು 2.0 ಪ್ಲಗ್ಗಿಗೂ ನೀಲಿ ಬಳಿಯುತ್ತಾರೆ.

ಅಂಡಾಕಾರದ ಸಿ-ಮಾದರಿಯ ಪೋರ್ಟು ಕಣ್ಣಿಗೆ ಏನನ್ನೂ ಹೇಳುವುದಿಲ್ಲ. ಒಂದೇ ಆಕಾರದ ತೂತಿನ ಹಿಂದೆ 480 ಮೆಗಾಬಿಟ್ಟಿನಿಂದ ಹಿಡಿದು ಥಂಡರ್‌ಬೋಲ್ಟ್ ಎಂಬ ಅತಿವೇಗದ ಸಂಪರ್ಕದ 40 ಅಥವಾ 80 ಗಿಗಾಬಿಟ್‌ವರೆಗೆ ಏನು ಬೇಕಾದರೂ ಇರಬಹುದು. ಪಕ್ಕದಲ್ಲಿ ‘ಎಸ್ಎಸ್’ ಗುರುತಿನ ಜೊತೆ 5 ಅಥವಾ 10 ಎಂಬ ಅಂಕೆ, ಇಲ್ಲವೇ ಮಿಂಚಿನ ಗುರುತು ಇದ್ದರೆ ಸಂದೇಹವಿಲ್ಲ. ಏನೂ ಇಲ್ಲದಿದ್ದರೆ ಲ್ಯಾಪ್‌ಟಾಪಿನ ತಳದಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ತಾಣದಲ್ಲಿ ಅದೇ ಸಂಖ್ಯೆಯ ವಿವರಪಟ್ಟಿಯನ್ನು ತೆರೆದು ನೋಡುವುದೇ ಸರಿ. ಒಂದೇ ಹೆಸರಿನ ಸರಣಿಯೊಳಗೆ ಪೋರ್ಟುಗಳು ಬೇರೆಬೇರೆ ಇರುವುದುಂಟು.

ಪೋರ್ಟು ಯಾವುದೋ ಅದಕ್ಕೆ ನೇರವಾಗಿ ಹೊಂದುವ ಪ್ಲಗ್ಗಿನ ಅಡಾಪ್ಟರನ್ನೇ ಆರಿಸಿಕೊಳ್ಳಿ. ಸಿ-ಪ್ಲಗ್ಗಿನ ಡಾಂಗಲ್ಲನ್ನು ಎ-ಪೋರ್ಟಿಗೆ ಹೊಂದಿಸುವ ಬೆರಳುಗಾತ್ರದ ಕನ್ವರ್ಟರುಗಳು ಪೇಟೆಯಲ್ಲಿ ರಾಶಿ ಬಿದ್ದಿವೆಯಾದರೂ ಯುಎಸ್‌ಬಿ ಸಿ-ಮಾದರಿಯ ಮಾನದಂಡ ಅಂಥವನ್ನು ಒಪ್ಪುವುದೇ ಇಲ್ಲ. ಅವುಗಳಲ್ಲಿ ಕೆಲವು ಪ್ಲಗ್ಗನ್ನು ಒಂದು ಮಗ್ಗುಲಾಗಿ ಹಾಕಿದರೆ ಪೂರ್ಣ ವೇಗವನ್ನೂ, ತಿರುಗಿಸಿ ಹಾಕಿದರೆ 2.0 ವೇಗವನ್ನೂ ಕೊಡುತ್ತವೆ. ಕಾರಣ ಗೊತ್ತಿಲ್ಲದವರು ‘ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ’ ಎಂದು ಕೊರಗುತ್ತಾರೆ. ನಂಬಿಕೆಯ ಸಂಪರ್ಕ ಬೇಕೆನ್ನುವವರು ಕೊಂಡಿಗಳ ಸಂಖ್ಯೆಯನ್ನು ಕಡಿಮೆ ಇಟ್ಟಷ್ಟೂ ಒಳ್ಳೆಯದು.

ಹಂತ 2: ಎಷ್ಟು ವೇಗ ಬೇಕೆಂದು ತೀರ್ಮಾನಿಸಿ

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ನಾಲ್ಕು ವರ್ಗ: 100 ಮೆಗಾಬಿಟ್, 1 ಗಿಗಾಬಿಟ್, 2.5 ಗಿಗಾಬಿಟ್, 5 ಗಿಗಾಬಿಟ್. ಮನೆಯ ಫೈಬರ್ ಪ್ಲಾನ್ 50 ಅಥವಾ 100 ಮೆಗಾಬಿಟ್ಟಿನದಾದರೂ ನಾನು ಗಿಗಾಬಿಟ್ ಅಡಾಪ್ಟರನ್ನೇ ಸೂಚಿಸುತ್ತೇನೆ. ಒಂದು, ಬೆಲೆಯ ಅಂತರ ದೊಡ್ಡದಲ್ಲ. ಎರಡು, ಪ್ಲಾನನ್ನು ನಾಳೆ ಏರಿಸಿದರೆ ಅಡಾಪ್ಟರ್ ಅಡ್ಡಬರುವುದಿಲ್ಲ. ಮೂರನೆಯ ಕಾರಣವೇ ಮುಖ್ಯವಾದದ್ದು: ಅಗ್ಗದ, ಮೂಲ ಯಾವುದೆಂದು ತಿಳಿಯದ ಚಿಪ್‌ಗಳು ಹೆಚ್ಚಾಗಿ ಸೇರಿಕೊಂಡಿರುವುದು 100 ಮೆಗಾಬಿಟ್ಟಿನ ವರ್ಗದಲ್ಲಿ. ಪ್ರಾಮಾಣಿಕವಾಗಿ ‘10/100’ ಎಂದು ಬರೆದು ಒಳ್ಳೆಯ ಚಿಪ್ ಹಾಕಿದ ಅಡಾಪ್ಟರುಗಳು ಇಲ್ಲವೆಂದಲ್ಲ, ಆದರೆ ಅವನ್ನು ಹುಡುಕುವ ಶ್ರಮದಲ್ಲಿ ಗಿಗಾಬಿಟ್ಟಿನದನ್ನೇ ತರಬಹುದು.

2.5 ಗಿಗಾಬಿಟ್ ಬೇಕಾಗುವುದು ರೂಟರ್, ಸ್ವಿಚ್ (ಹಲವು ಲ್ಯಾನ್ ಕೇಬಲುಗಳನ್ನು ಸೇರಿಸುವ ಪೆಟ್ಟಿಗೆ) ಅಥವಾ ಮನೆಯ ಸ್ಟೋರೇಜ್ ಪೆಟ್ಟಿಗೆಯಲ್ಲೂ 2.5ರ ಪೋರ್ಟ್ ಇದ್ದಾಗ ಮಾತ್ರ. 2016ರ 802.3ಬಿಝಡ್ ಮಾನದಂಡದಿಂದ ಬಂದ ಈ ವೇಗದ ಒಂದು ಅನುಕೂಲವೆಂದರೆ ಗೋಡೆಯೊಳಗೆ ಈಗಾಗಲೇ ಇರುವ ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲನ್ನೇ 100 ಮೀಟರಿನವರೆಗೆ ಬಳಸಬಹುದು. 5 ಗಿಗಾಬಿಟ್ಟಿನ ಅಡಾಪ್ಟರುಗಳ ವಿಷಯದಲ್ಲಿ ಎಚ್ಚರವಿರಲಿ: 5 ಗಿಗಾಬಿಟ್ಟಿನ ಯುಎಸ್‌ಬಿ ಪೋರ್ಟಿನಲ್ಲಿ ಸಂಕೇತೀಕರಣಕ್ಕೇ ಐದರಲ್ಲೊಂದು ಪಾಲು ಹೋಗಿ 4 ಗಿಗಾಬಿಟ್ ಉಳಿಯುತ್ತದೆ, ಅದರಲ್ಲೂ ಇತರ ಖರ್ಚುಗಳಿರುತ್ತವೆ. ಹೆಸರಿನಷ್ಟು ವೇಗ ಬರಬೇಕಾದರೆ 10 ಗಿಗಾಬಿಟ್ಟಿನ ಪೋರ್ಟು ಬೇಕು.

ಹಂತ 3: ಒಳಗಿನ ಚಿಪ್ ಯಾವುದೆಂದು ಪತ್ತೆಮಾಡಿ

ಇಡೀ ಆಯ್ಕೆಯ ತಿರುಳು ಇರುವುದು ಈ ಹಂತದಲ್ಲಿ. ಲ್ಯಾನ್ ಅಡಾಪ್ಟರ್ ಮಾರುವ ಕಂಪನಿಗಳು ನೂರಾರು ಇದ್ದರೂ ಚಿಪ್ ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ. ತೈವಾನಿನ ರಿಯಲ್‌ಟೆಕ್ ಮತ್ತು ಏಸಿಕ್ಸ್ ಕಂಪನಿಗಳ ಚಿಪ್‌ಗಳೇ ಪೇಟೆಯ ಬಹುಭಾಗವನ್ನು ತುಂಬಿವೆ. ಡ್ರೈವರ್ (ಸಾಧನವನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ), ನಿದ್ರೆಯಿಂದ ಎದ್ದ ಮೇಲಿನ ವರ್ತನೆ, ಬಿಸಿಯಾಗುವ ಪ್ರಮಾಣ, ಎಲ್ಲವನ್ನೂ ಬಹುಮಟ್ಟಿಗೆ ಚಿಪ್ಪೇ ನಿರ್ಧರಿಸುತ್ತದೆ. ಹೊರಗಿನ ಅಲ್ಯೂಮಿನಿಯಂ ಕವಚದ ಹೊಳಪಿಗೂ ಅದಕ್ಕೂ ಸಂಬಂಧವಿಲ್ಲ.

ಗಿಗಾಬಿಟ್ ವರ್ಗದಲ್ಲಿ ನನ್ನ ಮೊದಲ ಆಯ್ಕೆ ರಿಯಲ್‌ಟೆಕ್‌ನ ಆರ್‌ಟಿಎಲ್ 8153. ಲೆನೊವೊ, ಡೆಲ್ ಮುಂತಾದ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಮಾರಿರುವ ಅಡಾಪ್ಟರುಗಳಲ್ಲಿ ಈ ಚಿಪ್ ಇದೆ. ಟಿಪಿ-ಲಿಂಕ್ ಕಂಪನಿಯ ಯುಇ300 ಮಾದರಿಯೂ ಇದರ ಮೇಲೆಯೇ ನಿಂತದ್ದು. ಇಷ್ಟು ವ್ಯಾಪಕವಾಗಿ ಬಳಕೆಯಲ್ಲಿರುವುದರಿಂದ ಇದರ ಡ್ರೈವರಿನ ದೋಷಗಳು ವರ್ಷಗಳ ಬಳಕೆಯಲ್ಲಿ ಸಾಕಷ್ಟು ತಿದ್ದುಪಡಿ ಕಂಡಿವೆ. ಇತ್ತೀಚಿನ ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ಸಾಮಾನ್ಯವಾಗಿ ಸಿಕ್ಕಿಸಿದ ಕೂಡಲೇ ಕೆಲಸ ಮಾಡುತ್ತದೆ. 2.5 ಗಿಗಾಬಿಟ್ ಬೇಕಾದವರಿಗೆ ಇದೇ ಕುಟುಂಬದ ಆರ್‌ಟಿಎಲ್ 8156, ಅದರಲ್ಲೂ ಪರಿಷ್ಕೃತ ‘ಬಿ’ ಆವೃತ್ತಿ, ಸೂಕ್ತ. ಲಿನಕ್ಸ್ ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು: 8156ಕ್ಕೆ ರಿಯಲ್‌ಟೆಕ್‌ನ ನಿಜವಾದ ಡ್ರೈವರ್ ಬೆಂಬಲ ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಸೇರಿದ್ದು 2021ರ 5.13ನೆಯ ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯ ಕರ್ನಲ್ ಇದ್ದರೆ ಸಾಮಾನ್ಯ ಡ್ರೈವರಿನಲ್ಲಿ ನಡೆದೀತಾದರೂ ಚಿಪ್ಪಿನ ಎಲ್ಲ ಸಾಮರ್ಥ್ಯ ಸಿಗದು.

ಏಸಿಕ್ಸ್‌ನ ಎಎಕ್ಸ್ 88179 ಕೂಡ ಸಮರ್ಥ ಗಿಗಾಬಿಟ್ ಚಿಪ್ಪೇ. ಆದರೆ ಇದರ ಮೊದಲ ಆವೃತ್ತಿಗೆ ಮ್ಯಾಕ್‌ನಲ್ಲಿ ತಯಾರಕರ ಡ್ರೈವರನ್ನು ಪ್ರತ್ಯೇಕವಾಗಿ ಹಾಕಬೇಕಿತ್ತು. ಆಪರೇಟಿಂಗ್ ಸಿಸ್ಟಂ ಹೊಸದಾದಾಗ ಹೊಸ ಡ್ರೈವರಿಗಾಗಿ ಕಾಯಬೇಕಾಗಿ ಬರುತ್ತಿತ್ತು. ಕೊನೆಯಲ್ಲಿ ‘ಎ’ ಅಥವಾ ‘ಬಿ’ ಅಕ್ಷರವಿರುವ ಹೊಸ ಆವೃತ್ತಿಗಳಾದರೆ ಚಿಂತೆಯಿಲ್ಲದೆ ಕೊಳ್ಳಬಹುದು. 100 ಮೆಗಾಬಿಟ್ ಸಾಕೆನ್ನುವವರು ಆರ್‌ಟಿಎಲ್ 8152 ಅಥವಾ ಎಎಕ್ಸ್ 88772 ಹುಡುಕಲಿ. ಆಪಲ್ ತನ್ನ ಹಳೆಯ ಯುಎಸ್‌ಬಿ ಅಡಾಪ್ಟರಿನಲ್ಲಿ ಹಾಕಿದ್ದು ಈ ಎರಡನೆಯದನ್ನೇ.

ದೂರವಿಡಬೇಕಾದವು ಯಾವುವು? ಡಿಎಂ 9601 ಮತ್ತು ಅದನ್ನು ಹೋಲುವ ಎಸ್‌ಆರ್ 9700 ಮುಂತಾದ, ‘9700’ ಎಂಬ ಅಂಕೆಯನ್ನು ಹೊತ್ತ ಚಿಪ್‌ಗಳು. ಇವು ಯುಎಸ್‌ಬಿ 1.1ರ ಕಾಲದವು, ಆ ಪೋರ್ಟಿನ ಗರಿಷ್ಠ ವೇಗವೇ ಸೆಕೆಂಡಿಗೆ 12 ಮೆಗಾಬಿಟ್. ಲ್ಯಾನ್ ಕಡೆಯಲ್ಲಿ 100 ಎಂದು ತೋರಿಸುತ್ತಲೇ ಯುಎಸ್‌ಬಿ ಕಡೆಯಲ್ಲಿ ಇವು ಕುಂಟುತ್ತವೆ. ಇನ್ನೂ ಕೆಟ್ಟದ್ದೆಂದರೆ ಇಂಥ ನಕಲಿ ಡಾಂಗಲ್ಲುಗಳ ಹಲವು ಪ್ರತಿಗಳಲ್ಲಿ ಒಂದೇ ಮ್ಯಾಕ್ ವಿಳಾಸವನ್ನು ತುಂಬಿರುತ್ತಾರೆ. ನೆಟ್‌ವರ್ಕಿನಲ್ಲಿ ಪ್ರತಿ ಸಾಧನಕ್ಕೂ ಇರಬೇಕಾದ ಬೇರೆಬೇರೆ ಗುರುತು ಅದು; ಆಪಲ್‌ನ ಮ್ಯಾಕ್ ಬೇರೆ. ಕಚೇರಿಗೋ ಶಾಲೆಯ ಕಂಪ್ಯೂಟರ್ ಕೋಣೆಗೋ ಹತ್ತು ಡಾಂಗಲ್ ತಂದು ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ಸೇರಿಸಿದರೆ ಒಂದರ ಪತ್ರ ಇನ್ನೊಂದರ ಮನೆಗೆ ಹೋದಂತಾಗಿ ಎರಡೂ ಕೆಡುತ್ತವೆ.

ಚಿಪ್ಪಿನ ಹೆಸರನ್ನು ತಿಳಿಯುವುದು ಹೇಗೆ? ಒಳ್ಳೆಯ ತಯಾರಕರು ವಿವರಪಟ್ಟಿಯಲ್ಲೇ ಬರೆದಿರುತ್ತಾರೆ. ಬರೆಯದಿದ್ದರೆ ಅವರ ತಾಣದ ಡ್ರೈವರ್ ಪುಟವನ್ನು ತೆರೆಯಿರಿ. ಇಳಿಸಿಕೊಳ್ಳುವ ಫೈಲಿನ ಹೆಸರಿನಲ್ಲಿ ಹೆಚ್ಚಿನ ಸಲ ಚಿಪ್ಪಿನ ಸಂಖ್ಯೆ ಸಿಗುತ್ತದೆ. ಖರೀದಿದಾರರ ವಿಮರ್ಶೆಗಳಲ್ಲಿ ಲಿನಕ್ಸ್ ಬಳಸುವವರು ಬರೆದದ್ದನ್ನು ಹುಡುಕಿ ಓದಿ, ಏಕೆಂದರೆ ಅವರಿಗೆ ಚಿಪ್ಪಿನ ಹೆಸರು ಹೇಳದೆ ಸಮಾಧಾನವಿರುವುದಿಲ್ಲ. ಡಬ್ಬಿಯಲ್ಲಿ ಪುಟ್ಟ ಡ್ರೈವರ್ ಸಿಡಿ ಇದೆಯೆಂದು ಹೆಮ್ಮೆಯಿಂದ ಹೇಳುವ ಡಾಂಗಲ್ಲನ್ನು ಮಾತ್ರ ಅಲ್ಲೇ ಬಿಟ್ಟುಬನ್ನಿ: ಲ್ಯಾನ್ ಸಾಕೆಟ್ಟಿಗೇ ಜಾಗವಿಲ್ಲದ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವುದೆಲ್ಲಿ? ಒಂದೇ ಮಾದರಿಯ ಹೆಸರನ್ನು ಉಳಿಸಿಕೊಂಡು ಒಳಗಿನ ಚಿಪ್ಪನ್ನು ಬದಲಿಸುವ ತಯಾರಕರೂ ಇದ್ದಾರೆ. ಹಾಗಾಗಿ ಎರಡು ವರ್ಷದ ಹಿಂದಿನ ವಿಮರ್ಶೆಯನ್ನು ಪೂರ್ತಿ ನಂಬದೆ, ಮನೆಗೆ ತಂದ ಮೇಲೆ ಸ್ವತಃ ಪರಿಶೀಲಿಸಬೇಕು. ಅದರ ವಿಧಾನ ಮುಂದೆ ಬರುತ್ತದೆ.

ಕಚೇರಿಯ ಲ್ಯಾಪ್‌ಟಾಪಿನವರಿಗೆ ಒಂದೆರಡು ಮಾತು. ಹೊಸ ಡ್ರೈವರ್ ಹಾಕುವ ಅನುಮತಿ ನಿಮಗಿಲ್ಲದಿದ್ದರೆ ಡ್ರೈವರ್ ಬೇಡದ ಅಡಾಪ್ಟರ್ ಬಿಟ್ಟು ಬೇರೆ ದಾರಿಯಿಲ್ಲ. ಕಚೇರಿಯ ನೆಟ್‌ವರ್ಕು ಗೊತ್ತಿರುವ ಮ್ಯಾಕ್ ವಿಳಾಸಗಳನ್ನಷ್ಟೇ ಒಳಗೆ ಬಿಡುವಂಥದಾದರೆ, ಅಡಾಪ್ಟರಿಗೆ ತನ್ನದೇ ಪ್ರತ್ಯೇಕ ವಿಳಾಸವಿರುವುದರಿಂದ ಅದನ್ನು ಐಟಿ ವಿಭಾಗಕ್ಕೆ ಮೊದಲೇ ತಿಳಿಸಬೇಕು. ನೆಟ್‌ವರ್ಕಿನಿಂದಲೇ ಬೂಟ್ ಮಾಡುವ ಅಗತ್ಯ, ಅಥವಾ ಲ್ಯಾಪ್‌ಟಾಪಿನ ಸ್ವಂತ ಮ್ಯಾಕ್ ವಿಳಾಸವನ್ನೇ ಅಡಾಪ್ಟರ್ ಮೂಲಕ ತೋರಿಸುವ ಅಗತ್ಯವಿದ್ದರೆ ಲ್ಯಾಪ್‌ಟಾಪ್ ಕಂಪನಿಯದೇ ಅಡಾಪ್ಟರ್ ಕೊಳ್ಳುವುದು ಕ್ಷೇಮ. ಆ ಸೌಲಭ್ಯಗಳು ಯಂತ್ರದ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡುವ ತಂತ್ರಾಂಶ) ಜೊತೆಗಿನ ಹೊಂದಾಣಿಕೆಯಿಂದ ನಡೆಯುವಂಥವು.

ಹಂತ 4: ಕಟ್ಟುಮಸ್ತನ್ನು ನೋಡಿ

ತೆಳು ಲ್ಯಾಪ್‌ಟಾಪಿಗೆ ಪೆನ್‌ಡ್ರೈವಿನಂತೆ ನೇರವಾಗಿ ಅಂಟಿ ನಿಲ್ಲುವ ಡಾಂಗಲ್ ಬೇಡ. ಆರ್‌ಜೆ45 ಸಾಕೆಟ್ಟಿನ ಎತ್ತರ ಲ್ಯಾಪ್‌ಟಾಪಿನ ಅಂಚಿಗಿಂತ ಹೆಚ್ಚಿರುವುದರಿಂದ ಅದು ಮೇಜಿಗೆ ತಾಗಿ ಪೋರ್ಟನ್ನು ಮೇಲಕ್ಕೆ ಒತ್ತುತ್ತದೆ. ಗಡುಸಾದ ಲ್ಯಾನ್ ಕೇಬಲಿನ ಎಳೆತವೂ ಸೇರಿದರೆ ಮದರ್‌ಬೋರ್ಡಿಗೆ ಬೆಸೆದ ಪೋರ್ಟು ಸಡಿಲವಾಗುತ್ತದೆ, ಅದರ ದುರಸ್ತಿಯ ಖರ್ಚಿನಲ್ಲಿ ಹಲವು ಅಡಾಪ್ಟರ್ ಬರುತ್ತವೆ. ಹತ್ತು ಹದಿನೈದು ಸೆಂಟಿಮೀಟರಿನ ಮೆತ್ತನೆಯ ಬಾಲವಿರುವುದನ್ನು ಆರಿಸಿ, ಬಾಲವು ಪ್ಲಗ್ಗನ್ನು ಸೇರುವಲ್ಲಿ ಮಡಿಕೆ ಬೀಳದಂತೆ ರಬ್ಬರಿನ ಕುತ್ತಿಗೆ ಇದೆಯೇ ನೋಡಿ. ಆ ಕುತ್ತಿಗೆಯೇ ಮೊದಲು ಸಾಯುವ ಜಾಗ.

ಲೋಹದ ಕವಚ ಬಿಸಿಯನ್ನು ಹೊರಹಾಕಲು ನೆರವಾಗುತ್ತದೆ. 2.5 ಗಿಗಾಬಿಟ್ ಮತ್ತು ಮೇಲ್ಪಟ್ಟವುಗಳಲ್ಲಿ ಅದಕ್ಕೆ ನಿಜವಾದ ಬೆಲೆಯಿದೆ. ಸಾಕೆಟ್ಟಿನ ಬಳಿ ಎರಡು ದೀಪಗಳಿದ್ದರೆ ದೋಷ ಹುಡುಕುವಾಗ ಬಹಳ ಅನುಕೂಲ.

ಒಂದೇ ಪೆಟ್ಟಿಗೆಯಲ್ಲಿ ಲ್ಯಾನ್, ಎಚ್‌ಡಿಎಂಐ, ಮೂರು ಯುಎಸ್‌ಬಿ, ಚಾರ್ಜಿಂಗ್ ಎಲ್ಲವೂ ಇರುವ ಹಬ್‌ಗಳ ಬಗ್ಗೆ ಓದುಗರು ಹೆಚ್ಚು ಕೇಳುತ್ತಾರೆ. ಎರಡೇ ಸಿ-ಪೋರ್ಟಿರುವ, ಅದರಲ್ಲೊಂದನ್ನು ಚಾರ್ಜರು ಆಕ್ರಮಿಸಿಕೊಳ್ಳುವ ಯಂತ್ರಕ್ಕೆ ಹಬ್ ಅನಿವಾರ್ಯವಾಗಬಹುದು. ಆದರೆ ಅದರ ಮಿತಿಗಳನ್ನು ಅರಿತು ಕೊಳ್ಳಬೇಕು. ಒಳಗಿರುವ ಎಲ್ಲ ಸಾಧನಗಳೂ ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಹಾರ್ಡ್ ಡಿಸ್ಕಿಗೆ ಫೈಲ್ ಹೋಗುತ್ತಿರುವಾಗ ಲ್ಯಾನಿನ ವೇಗ ಇಳಿಯುತ್ತದೆ. ಅದಕ್ಕಿಂತ ತೊಂದರೆಯ ಸಂಗತಿ ಚಾರ್ಜಿಂಗಿನದು: ಹಬ್ಬಿನ ಮೂಲಕ ಚಾರ್ಜರನ್ನು ಸಿಕ್ಕಿಸುವಾಗ ಅಥವಾ ಕೀಳುವಾಗ ವಿದ್ಯುತ್ ಹಂಚಿಕೆಯ ಮಾತುಕತೆ ಹೊಸದಾಗಿ ನಡೆಯುವುದರಿಂದ ಹಲವು ಹಬ್‌ಗಳಲ್ಲಿ ಎಲ್ಲ ಸಾಧನಗಳೂ ಕ್ಷಣಕಾಲ ಕಳಚಿಕೊಳ್ಳುತ್ತವೆ. ನಮ್ಮ ಕಡೆ ಕರೆಂಟು ಹೋಗಿ ಬರುವುದೆಂದರೆ ಇದೇ ತಾನೆ? ಮನೆಯಲ್ಲಿ ಇನ್ವರ್ಟರ್ ಇಲ್ಲದವರ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉಳಿದು, ರೂಟರು ಪುಟ್ಟ ಯುಪಿಎಸ್‌ನಲ್ಲಿ ಉಳಿದು, ನಡುವಿನ ಹಬ್ ಮಾತ್ರ ಮೀಟಿಂಗನ್ನು ಕಡಿದುಹಾಕುತ್ತದೆ. ಲ್ಯಾನಿಗೆ ಪ್ರತ್ಯೇಕ ಅಡಾಪ್ಟರ್ ಇಟ್ಟು ಚಾರ್ಜರಿಗೆ ನೇರ ಪೋರ್ಟು ಕೊಡುವುದೇ ನನ್ನ ಪದ್ಧತಿ.

ಹಂತ 5: ಕೊಳ್ಳುವಾಗ

ಬೆಂಗಳೂರಿನ ಎಸ್.ಪಿ. ರೋಡಿನಂಥ ಜಾಗದಲ್ಲಿ ಕೊಳ್ಳುವುದಾದರೆ ಲ್ಯಾಪ್‌ಟಾಪನ್ನು ಜೊತೆಗೆ ಒಯ್ಯಿರಿ. ಅಂಗಡಿಯ ಲ್ಯಾನ್ ಕೇಬಲಿಗೆ ಸಿಕ್ಕಿಸಿ ಐದು ನಿಮಿಷ ನೋಡುವುದಕ್ಕೆ ಒಪ್ಪುವವರಿಂದಲೇ ಕೊಳ್ಳಿ. ಆನ್‌ಲೈನಿನಲ್ಲಾದರೆ ಮಾರಾಟಗಾರರು ಯಾರು, ವಾಪಸಾತಿಯೋ ಬರೀ ಬದಲಿಯೋ, ಎಷ್ಟು ದಿನದೊಳಗೆ ಎಂಬುದನ್ನು ಹಣ ಕೊಡುವ ಮೊದಲು ಓದಿಕೊಳ್ಳಿ. ಎರಡೂ ಕಡೆ ಜಿಎಸ್‌ಟಿ ಬಿಲ್ ಪಡೆಯಿರಿ. ಜೊತೆಗೆ ಒಂದು ಒಳ್ಳೆಯ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲನ್ನೂ ತನ್ನಿ. ಪರೀಕ್ಷೆಯಲ್ಲಿ ಅದರ ಉಪಯೋಗವಿದೆ.

ಹಂತ 6: ಮೊದಲ ವಾರದ ಪರೀಕ್ಷೆ

ಇದನ್ನು ಬಿಟ್ಟುಬಿಟ್ಟರೆ ಹಿಂದಿನ ಐದು ಹಂತಗಳ ಶ್ರಮ ಅರ್ಧ ವ್ಯರ್ಥ.

ಮೊದಲು ಗುರುತಿನ ಪರಿಶೀಲನೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳ ಪಟ್ಟಿಯಲ್ಲಿ ನಿಮ್ಮದನ್ನು ಆರಿಸಿ, ಡೀಟೇಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿಗಳನ್ನು ನೋಡಿ. ‘ವಿಐಡಿ’ ಎಂಬುದರ ಮುಂದೆ ‘0ಬಿಡಿಎ’ ಇದ್ದರೆ ರಿಯಲ್‌ಟೆಕ್, ‘0ಬಿ95’ ಇದ್ದರೆ ಏಸಿಕ್ಸ್. ‘ಪಿಐಡಿ’ ಮುಂದಿನ ಅಂಕೆ ಚಿಪ್ಪನ್ನು ಹೇಳುತ್ತದೆ: ರಿಯಲ್‌ಟೆಕ್‌ನಲ್ಲಿ 8152, 8153, 8156 ನೇರವಾಗಿಯೇ ಕಾಣುತ್ತವೆ, ಏಸಿಕ್ಸ್ 88179ರದು 1790. ದೊಡ್ಡ ಕಂಪನಿಗಳು ಕೆಲವೊಮ್ಮೆ ತಮ್ಮದೇ ಸಂಖ್ಯೆ ಹಾಕಿರುತ್ತವೆ, ಅದರಿಂದ ಗಾಬರಿಯಾಗಬೇಕಿಲ್ಲ. ಮ್ಯಾಕ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್‌ನ ಯುಎಸ್‌ಬಿ ವಿಭಾಗದಲ್ಲಿ ಇದೇ ವಿವರ ಸಿಗುತ್ತದೆ, ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆಜ್ಞೆಯಿಂದ. ಸಿಕ್ಕಿಸಿದ ಕೂಡಲೇ ಅಡಾಪ್ಟರ್ ಬದಲು ಒಂದು ಸಿಡಿ ಡ್ರೈವ್ ಕಾಣಿಸಿಕೊಂಡರೆ ಅದು ಹಾಳಾಗಿದೆಯೆಂದಲ್ಲ. ಕೆಲವು ರಿಯಲ್‌ಟೆಕ್ ಡಾಂಗಲ್ಲುಗಳು ಡ್ರೈವರನ್ನು ತಮ್ಮೊಳಗೇ ಇಟ್ಟುಕೊಂಡು ಮೊದಲು ಆ ವೇಷದಲ್ಲಿ ಬರುತ್ತವೆ.

ಎರಡನೆಯದು, ಎರಡು ಕಡೆಯ ವೇಗ. ಯುಎಸ್‌ಬಿ ಕಡೆಯಲ್ಲಿ 5 ಗಿಗಾಬಿಟ್ ಕಾಣಬೇಕು. ಲಿನಕ್ಸ್‌ನಲ್ಲಿ ಅದೇ ಆಜ್ಞೆಯ ಮರದ ರೂಪದ ಪಟ್ಟಿಯಲ್ಲಿ 5000 ಎಂದಿರಬೇಕೇ ಹೊರತು 480 ಎಂದಲ್ಲ. ಸಿ-ಪ್ಲಗ್ಗಾದರೆ ಕಿತ್ತು, ತಿರುಗಿಸಿ ಹಾಕಿ ಮತ್ತೊಮ್ಮೆ ನೋಡಿ. ಎರಡೂ ಮಗ್ಗುಲಲ್ಲಿ ಒಂದೇ ವೇಗ ಬರದಿದ್ದರೆ ಪ್ಲಗ್ಗಿನೊಳಗೆ ದೋಷವಿದೆ, ವಾಪಸು ಮಾಡಿ. ಲ್ಯಾನ್ ಕಡೆಯಲ್ಲಿ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ 1000/1000 ಎಂದಿರಬೇಕು. ಅಲ್ಲಿ 100 ಎಂದು ಕಂಡರೆ ಅಡಾಪ್ಟರಿನ ಮೇಲೆ ಸಿಟ್ಟಾಗುವ ಮೊದಲು ಕೇಬಲ್ ಬದಲಿಸಿ. 100 ಮೆಗಾಬಿಟ್ಟಿಗೆ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಜೋಡಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಬೇಕು. ಒಂದು ತಂತಿಯ ತುದಿ ಪ್ಲಗ್ಗಿನೊಳಗೆ ಸರಿಯಾಗಿ ಒತ್ತಿ ಕೂರದಿದ್ದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯಬಹುದು. ರೂಟರಿನ ಪೋರ್ಟೇ 100ರದ್ದಾಗಿರುವ ಸಾಧ್ಯತೆಯೂ ಇದೆ. ಅಗ್ಗದ ರೂಟರುಗಳಲ್ಲಿ ಅದು ಅಪರೂಪವೇನಲ್ಲ.

ಮೂರನೆಯದು, ನಿಜವಾದ ಹರಿವು. ಇಂಟರ್ನೆಟ್ ಸ್ಪೀಡ್ ಟೆಸ್ಟ್ ನಿಮ್ಮ ಪ್ಲಾನನ್ನು ಅಳೆಯುತ್ತದೆ, ಅಡಾಪ್ಟರನ್ನಲ್ಲ. ಅದೇ ರೂಟರಿಗೆ ತಂತಿಯಿಂದ ಸೇರಿದ ಇನ್ನೊಂದು ಗಿಗಾಬಿಟ್ ಕಂಪ್ಯೂಟರ್ ಇದ್ದರೆ ಐಪರ್ಫ್ 3 ಎಂಬ ಉಚಿತ ತಂತ್ರಾಂಶದಿಂದ ಅವೆರಡರ ನಡುವೆ ಅಳೆಯಿರಿ. ಆರೋಗ್ಯವಂತ ಗಿಗಾಬಿಟ್ ಸಂಪರ್ಕ ಸೆಕೆಂಡಿಗೆ 940 ಮೆಗಾಬಿಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಾವಿರ ಬರದಿರುವುದು ದೋಷವಲ್ಲ. ಉಳಿದದ್ದು ಪ್ರತಿ ಪ್ಯಾಕೆಟ್ಟಿನ (ಮಾಹಿತಿಯ ತುಣುಕಿನ) ವಿಳಾಸ ಮುಂತಾದ ಹೊದಿಕೆಗೆ ಹೋಗುತ್ತದೆ. ಎರಡೂ ದಿಕ್ಕಿನಲ್ಲಿ ಅಳೆಯುವುದನ್ನು ಮರೆಯಬೇಡಿ.

ನಾಲ್ಕನೆಯದೇ ನಂಬಿಕೆಯ ಪರೀಕ್ಷೆ. ಲ್ಯಾಪ್‌ಟಾಪ್ ನಿದ್ರೆಗೆ ಹೋಗದಂತೆ ಮಾಡಿ, ರೂಟರಿನ ವಿಳಾಸಕ್ಕೆ ನಿರಂತರ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಕಳಿಸುತ್ತ ಒಂದು ರಾತ್ರಿ ಬಿಡಿ. ಇಂಟರ್ನೆಟ್ಟಿನ ಯಾವುದೋ ತಾಣಕ್ಕಲ್ಲ, ರೂಟರಿಗೇ ಕಳಿಸಬೇಕು. ಆಗ ಮಾತ್ರ ದೋಷ ಮನೆಯೊಳಗಿನದೋ ಹೊರಗಿನದೋ ಗೊತ್ತಾಗುತ್ತದೆ. ತಂತಿಯ ಸಂಪರ್ಕದಲ್ಲಿ ಉತ್ತರ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿನ ಆಚೀಚೆ ಬರುತ್ತದೆ, ಬೆಳಿಗ್ಗೆ ನೋಡಿದರೆ ಕಳೆದುಹೋದ ಪ್ಯಾಕೆಟ್ಟುಗಳ ಲೆಕ್ಕ ಸೊನ್ನೆ ಇರಬೇಕು. ಹಗಲಿನಲ್ಲಿ ದೊಡ್ಡ ಫೈಲನ್ನು ಅರ್ಧ ಗಂಟೆ ಎಳೆಯುತ್ತ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ, ಡಾಂಗಲ್ಲನ್ನು ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಬೇಸಿಗೆಯಲ್ಲಿ ಅದು ಕೈಕೊಡುತ್ತದೆ. ಬಾಲವನ್ನೂ ಸಾಕೆಟ್ಟನ್ನೂ ಮೆಲ್ಲಗೆ ಅಲುಗಿಸಿ, ಪಿಂಗ್ ತಪ್ಪುತ್ತದೆಯೇ ಗಮನಿಸಿ.

ಕೊನೆಗೆ ಲ್ಯಾಪ್‌ಟಾಪನ್ನು ಹತ್ತು ಸಲ ಮುಚ್ಚಿ ತೆರೆಯಿರಿ. ಕಳಪೆ ಅಡಾಪ್ಟರುಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲಿಯೇ: ನಿದ್ರೆಯಿಂದ ಎದ್ದ ಮೇಲೆ ದೀಪ ಉರಿಯುತ್ತಿರುತ್ತದೆ, ಸಂಪರ್ಕ ಇರುವುದಿಲ್ಲ, ಕಿತ್ತು ಹಾಕಿದರಷ್ಟೇ ಬರುತ್ತದೆ.

ಪರೀಕ್ಷೆಯಲ್ಲಿ ಸೋತರೆ

ಸೋತ ಕೂಡಲೇ ಬಿಸಾಡಬೇಕಿಲ್ಲ. ವಿಂಡೋಸ್‌ನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯನ್ನು ತೆಗೆದುಹಾಕಿ, ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡನ್ನು ನಿಲ್ಲಿಸಿ. ಅಡಾಪ್ಟರಿನ ಅಡ್ವಾನ್ಸ್ಡ್ ಪುಟದಲ್ಲಿ ಎನರ್ಜಿ ಎಫಿಶಿಯೆಂಟ್ ಈಥರ್ನೆಟ್ ಮತ್ತು ಗ್ರೀನ್ ಈಥರ್ನೆಟ್ ಎಂಬುವನ್ನೂ ಆಫ್ ಮಾಡಿ ನೋಡಿ. ಬಳಸದ ಹೊತ್ತಿನಲ್ಲಿ ವಿದ್ಯುತ್ ಉಳಿಸಲೆಂದು ಬಂದ ಈ ಏರ್ಪಾಡುಗಳು ಕೆಲವು ರೂಟರುಗಳ ಜೊತೆ ಹೊಂದದೆ ಸಂಪರ್ಕವನ್ನು ಬೀಳಿಸುತ್ತವೆ. ಬಳಿಕ ಚಿಪ್ ತಯಾರಕರ ತಾಣದಿಂದ ಹೊಸ ಡ್ರೈವರ್ ಹಾಕಿ ರಾತ್ರಿಯ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಿ. ಆಗಲೂ ಸೋತರೆ ಅಂಗಡಿಗೆ ವಾಪಸು.

ಅಡಾಪ್ಟರ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸಲು ತೊಡಗಿದರೆ ಅದಕ್ಕೂ ಕಾರಣವಿದೆ. ಯುಎಸ್‌ಬಿ 3.0 ಸಾಧನಗಳಿಂದ ಸೂಸುವ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುವುದನ್ನು ಇಂಟೆಲ್ ಕಂಪನಿ 2012ರಲ್ಲೇ ದಾಖಲಿಸಿದೆ. ಮೌಸಿನ ರಿಸೀವರನ್ನು ಇನ್ನೊಂದು ಬದಿಯ ಪೋರ್ಟಿಗೆ ಸರಿಸಿ, ಡಾಂಗಲ್ಲನ್ನು ಬಾಲದಷ್ಟು ದೂರ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಮನೆಗೆ ಫೈಬರ್ ಬರದೆ, ಕಂಬದಿಂದ ಕಂಬಕ್ಕೆ ಎಳೆದ ತಾಮ್ರದ ಲ್ಯಾನ್ ಕೇಬಲಿನಲ್ಲೇ ಇಂಟರ್ನೆಟ್ ಬರುತ್ತಿದ್ದರೆ ಅದನ್ನು ಅಡಾಪ್ಟರಿಗೆ ನೇರವಾಗಿ ಸೇರಿಸಬೇಡಿ. ನಡುವೆ ರೂಟರ್ ಇರಲಿ. ಕೆಲವು ಕೇಬಲ್‌ನವರು ಸಂಪರ್ಕವನ್ನು ಒಂದೇ ಮ್ಯಾಕ್ ವಿಳಾಸಕ್ಕೆ ಕಟ್ಟಿರುತ್ತಾರೆ, ಆಗ ಅಡಾಪ್ಟರ್ ಬದಲಿಸಿದಾಗಲೆಲ್ಲ ಅವರಿಗೆ ಫೋನ್ ಮಾಡಬೇಕಾಗುತ್ತದೆ. ಮಲೆನಾಡಿನ ಕಡೆಯವರಿಗೆ ಇನ್ನೂ ಒಂದು ಕಾರಣ ಗುಡುಗು ಮಿಂಚು. ಬಯಲಿನಲ್ಲಿ ಹಾದ ತಾಮ್ರದ ತಂತಿಯಲ್ಲಿ ನುಗ್ಗಿದ ವಿದ್ಯುತ್ತಿಗೆ ಅಡಾಪ್ಟರ್ ದಾಟಿದರೆ ಮುಂದೆ ಸಿಗುವುದೇ ಲ್ಯಾಪ್‌ಟಾಪು. ಮೋಡ ಕವಿದು ದೂರದಲ್ಲಿ ಗುಡುಗು ಕೇಳಿಸಿದಾಗಲೇ ಕೇಬಲನ್ನು ರೂಟರಿನಿಂದಲೂ ಅಡಾಪ್ಟರಿನಿಂದಲೂ ಕಿತ್ತಿಡಿ. ಆ ಹೊತ್ತಿನ ಕೆಲಸಕ್ಕೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು.